ತೊಟ್ಟಿಯಿಲ್ಲದ ಗೀಸರೂ ಮನೆಯ ವಿದ್ಯುತ್ ಪ್ಯಾನೆಲ್ಲೂ

ನೀರು ಕಾಯಿಸುವ ಯಂತ್ರವೊಂದನ್ನು ಕೊಳ್ಳುವವರು ಅದರ ಬೆಲೆ, ಗಾತ್ರ ಮತ್ತು ತಿಂಗಳ ವಿದ್ಯುತ್ ಬಿಲ್ಲಿನ ಲೆಕ್ಕ ಹಾಕುತ್ತಾರೆಯೇ ಹೊರತು, ಆ ಯಂತ್ರವು ಓಡುವ ಕೆಲವೇ ನಿಮಿಷಗಳಲ್ಲಿ ಮನೆಯ ವೈರಿಂಗಿನ ಮೂಲಕ ಎಷ್ಟು ಕರೆಂಟನ್ನು ಸೆಳೆಯುತ್ತದೆ ಎಂದು ವಿಚಾರಿಸುವುದು ಅಪರೂಪ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈ ವಿಚಾರಿಸದ ಪ್ರಶ್ನೆಯೇ ಅನೇಕ ಮನೆಗಳಿಗೆ ದುಬಾರಿಯಾಗುತ್ತದೆ. ಅಲ್ಲಿ ‘ಟ್ಯಾಂಕ್‌ಲೆಸ್’ ಎಂದು ಕರೆಯಲಾಗುವ, ನೀರನ್ನು ಕೂಡಿಡದೆ ಹರಿಯುತ್ತಿರುವಾಗಲೇ ಕಾಯಿಸಿಕೊಡುವ ವಿದ್ಯುತ್ ಹೀಟರು ಗೋಡೆಯ ಮೇಲೆ ಒಂದೂವರೆ ಅಡಿ ಅಗಲದ ಜಾಗದಲ್ಲಿ ಕುಳಿತುಬಿಡುತ್ತದೆ. ಮನೆಯಿಡೀ ಸಾಲುವಂಥ ಹಲವು ಮಾದರಿಗಳು ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬಿಸಿನೀರು ಮುಗಿದುಹೋಗುವ ಭಯವಿಲ್ಲವೆಂಬುದು ಅದರ ಜಾಹೀರಾತಿನ ಮೊದಲ ಮಾತು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಪುಟ್ಟ ಪೆಟ್ಟಿಗೆಯ ನಿಜವಾದ ವೆಚ್ಚವು ಅದರ ಬೆಲೆಚೀಟಿಯಲ್ಲಿ ಕಾಣುವುದಿಲ್ಲ. ಅದು ಗ್ಯಾರೇಜಿನ ಮೂಲೆಯಲ್ಲಿರುವ ವಿದ್ಯುತ್ ಪ್ಯಾನೆಲ್ಲಿನ ಬಾಗಿಲು ತೆರೆದಾಗಷ್ಟೇ ಗೊತ್ತಾಗುತ್ತದೆ.

ಇದರ ಮೂಲ ಇರುವುದು ನೀರಿನ ಸ್ವಭಾವದಲ್ಲಿ. ನಿತ್ಯ ಬಳಕೆಯ ದ್ರವಗಳ ಪೈಕಿ ನೀರಿನಷ್ಟು ಶಾಖವನ್ನು ಬೇಡುವಂಥದ್ದು ಬಹುಶಃ ಮತ್ತೊಂದಿಲ್ಲ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4,186 ಜೂಲ್ ಶಕ್ತಿ ಬೇಕು. ಇದನ್ನೇ ಹರಿಯುವ ನೀರಿಗೆ ಅನ್ವಯಿಸಿದರೆ, ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡುತ್ತಲೇ ಇರಲು ಹೆಚ್ಚು ಕಡಿಮೆ 70 ವ್ಯಾಟ್ ಸಾಮರ್ಥ್ಯ ಬೇಕಾಗುತ್ತದೆ. ನಿಮಿಷಕ್ಕೆ ಹರಿಯುವ ಲೀಟರುಗಳನ್ನು ಏರಿಸಬೇಕಾದ ಡಿಗ್ರಿಗಳಿಂದ ಗುಣಿಸಿ, ಬಂದದ್ದನ್ನು 70ರಿಂದ ಗುಣಿಸಿದರೆ ಹೀಟರು ಎಷ್ಟು ವ್ಯಾಟಿನದಾಗಿರಬೇಕೆಂಬುದು ತಿಳಿಯುತ್ತದೆ. ಈ ವಿಷಯದಲ್ಲಿ ಓದುಗರು ನೆನಪಿಟ್ಟುಕೊಳ್ಳಬೇಕಾದ ಸೂತ್ರ ಇದೊಂದೇ, ಮತ್ತು ಕಾಯಿಲ್‌ನಿಂದ ನೀರು ಕಾಯಿಸುವ ಹೀಟರುಗಳಲ್ಲಿ ಯಾವ ಕಂಪನಿಯ ಯಾವ ಹೊಸ ತಂತ್ರಜ್ಞಾನವೂ ಇದನ್ನು ಮೀರಲಾರದು, ಏಕೆಂದರೆ ಇಲ್ಲಿ ವಿದ್ಯುತ್ತು ಆಗಲೇ ನೂರಕ್ಕೆ ನೂರರಷ್ಟು ಶಾಖವಾಗಿ ಪರಿವರ್ತನೆಯಾಗುತ್ತಿರುತ್ತದೆ.

ಅಮೆರಿಕದಲ್ಲಿ ಷವರೊಂದರಿಂದ ನಿಮಿಷಕ್ಕೆ ಗರಿಷ್ಠ 2.5 ಗ್ಯಾಲನ್, ಅಂದರೆ ಸುಮಾರು 9.5 ಲೀಟರ್ ನೀರು ಬರಬಹುದೆಂದು 1992ರ ಇಂಧನ ಕಾಯ್ದೆ ಮಿತಿ ಹಾಕಿತು. ಉತ್ತರದ ಮಿನೆಸೋಟದಂಥ ರಾಜ್ಯದಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ಕೊಳವೆಯಿಂದ ಮನೆಗೆ ಬರುವ ನೀರು ಸುಮಾರು 5 ಡಿಗ್ರಿಯಲ್ಲಿರುತ್ತದೆ. ಸ್ನಾನಕ್ಕೆ ಅದು 40 ಡಿಗ್ರಿಗೆ ಬರಬೇಕು. 35 ಡಿಗ್ರಿಯ ಈ ಏರಿಕೆಗೆ, ಪೂರ್ಣ ಹರಿವಿನ ಒಂದೇ ಒಂದು ಷವರಿಗೆ, 23 ಕಿಲೋವ್ಯಾಟಿಗೂ ಮಿಗಿಲಾದ ಸಾಮರ್ಥ್ಯ ಬೇಕು. ಅದೇ ಷವರು ಫ್ಲಾರಿಡದಲ್ಲಿದ್ದರೆ, ಅಲ್ಲಿನ ನೀರು ಚಳಿಗಾಲದಲ್ಲೂ 20 ಡಿಗ್ರಿಯ ಆಚೀಚೆ ಇರುವುದರಿಂದ 13 ಕಿಲೋವ್ಯಾಟಿನ ಆಸುಪಾಸು ಸಾಕಾದೀತು. ಒಂದೇ ಯಂತ್ರದ ಬಗ್ಗೆ ದಕ್ಷಿಣದವರು ಹೊಗಳಿಕೆಯನ್ನೂ ಉತ್ತರದವರು ದೂರನ್ನೂ ಹೇಳುವುದರ ಗುಟ್ಟು ಇಷ್ಟೇ. ಸಾಮರ್ಥ್ಯ ಸಾಲದಾದಾಗ ಯಂತ್ರವೇನೂ ಕೆಡುವುದಿಲ್ಲ, ನೀರು ಉಗುರುಬೆಚ್ಚಗೆ ಬರುತ್ತದೆ, ಇಲ್ಲವೇ ಯಂತ್ರವೇ ಹರಿವನ್ನು ತಗ್ಗಿಸಿಕೊಳ್ಳುತ್ತದೆ. ಜನವರಿಯ ಬೆಳಗ್ಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಇಷ್ಟು ದಿನ ಅದೇ ಮನೆಗಳು ಅದೇ ತಣ್ಣೀರನ್ನು ಹೇಗೆ ಕಾಯಿಸಿಕೊಳ್ಳುತ್ತಿದ್ದವು ಎಂಬ ಪ್ರಶ್ನೆ ಸಹಜ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವುದು 40ರಿಂದ 50 ಗ್ಯಾಲನ್, ಎಂದರೆ 150ರಿಂದ 190 ಲೀಟರ್ ಹಿಡಿಯುವ ತೊಟ್ಟಿಯ ಹೀಟರು. ಅದರ ಕಾಯಿಲ್ ಕೇವಲ 4.5 ಕಿಲೋವ್ಯಾಟಿನದು. ಹಳೆಯ ಕಾಲದ ಬಚ್ಚಲುಮನೆಯ ಹಂಡೆಗೆ ನಸುಕಿನಲ್ಲೇ ಉರಿ ಹಾಕಿ, ಸಣ್ಣ ಬೆಂಕಿಯಲ್ಲೇ ಮನೆಮಂದಿಗೆಲ್ಲ ಆಗುವಷ್ಟು ನೀರನ್ನು ಕಾಯಿಸಿಡುತ್ತಿದ್ದಂತೆ, ಈ ತೊಟ್ಟಿಯೂ ಸಣ್ಣ ಶಕ್ತಿಯಿಂದ ದೀರ್ಘಕಾಲ ಕೆಲಸ ಮಾಡಿ ಶಾಖವನ್ನು ಕೂಡಿಡುತ್ತದೆ. ಮೇಲೆ ಹೇಳಿದ ಷವರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ತಗಲುವ ಶಕ್ತಿ ಸುಮಾರು 3.9 ಯೂನಿಟ್. ತೊಟ್ಟಿಯು ಈ 3.9 ಯೂನಿಟ್ಟನ್ನು ಐವತ್ತೆರಡು ನಿಮಿಷಗಳಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ತೊಟ್ಟಿಯಿಲ್ಲದ ಹೀಟರು ಅಷ್ಟನ್ನೂ ಆ ಹತ್ತು ನಿಮಿಷಗಳಲ್ಲೇ ಸುರಿಯಬೇಕು. ಮೀಟರಿನ ಯೂನಿಟ್ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತೊಟ್ಟಿಯ ಮೈಯಿಂದ ಸದಾ ಸೋರಿಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿದರೂ, ಇತ್ತೀಚಿನ ಒಳ್ಳೆಯ ತೊಟ್ಟಿಗಳ ದಕ್ಷತೆಯ ಅಂಕ 0.92ರ ಆಸುಪಾಸಿನಲ್ಲಿದ್ದು, ತೊಟ್ಟಿಯಿಲ್ಲದವುಗಳ ಅಂಕ 0.99ನ್ನು ಮುಟ್ಟುತ್ತದೆಯಾದ್ದರಿಂದ, ಉಳಿತಾಯವು ನೂರಕ್ಕೆ ಹತ್ತನ್ನು ದಾಟುವುದಿಲ್ಲ. ಕ್ಷಣವೊಂದರಲ್ಲಿ ಸೆಳೆಯುವ ಕರೆಂಟಿನಲ್ಲಿ ಮಾತ್ರ ಅಂತರ ಐದು ಪಟ್ಟಿಗೂ ಹೆಚ್ಚು. ತೊಟ್ಟಿಯನ್ನು ಬರೀ ನೀರಿನ ಪಾತ್ರೆಯೆಂದು ಭಾವಿಸಿದವರಿಗೆ ತಪ್ಪಿಹೋಗುವ ಸಂಗತಿ ಇದು: ಅದು ಮನೆಯ ವಿದ್ಯುತ್ ಪ್ಯಾನೆಲ್ಲಿನ ಮೇಲೆ ಬೀಳಬಹುದಾಗಿದ್ದ ಹೊರೆಯನ್ನು ದಿನವಿಡೀ ಹಂಚಿ ಹಗುರ ಮಾಡುತ್ತಿದ್ದ ಸಾಧನ.

ಈಗ ಆ ಪ್ಯಾನೆಲ್ಲಿನ ವಿಷಯ. ಕರ್ನಾಟಕದಲ್ಲಿ ಮೇನ್ ಬೋರ್ಡ್ ಅಥವಾ ಡಿಬಿ ಎನ್ನುವ ಪೆಟ್ಟಿಗೆಯನ್ನೇ ಅಮೆರಿಕದಲ್ಲಿ ಪ್ಯಾನೆಲ್ ಎನ್ನುತ್ತಾರೆ. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಎರಡು ಜೀವಂತ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಬರುತ್ತವೆ. ಜೀವಂತ ತಂತಿಗೂ ನ್ಯೂಟ್ರಲ್ಲಿಗೂ ನಡುವೆ 120 ವೋಲ್ಟ್, ಎರಡು ಜೀವಂತ ತಂತಿಗಳ ನಡುವೆ 240 ವೋಲ್ಟ್ ಇರುತ್ತದೆ. ದೀಪ, ಟಿವಿಯಂಥವು 120ರಲ್ಲೂ, ಒಲೆ, ಬಟ್ಟೆ ಒಣಗಿಸುವ ಯಂತ್ರ, ನೀರಿನ ಹೀಟರಿನಂಥ ದೊಡ್ಡವು 240ರಲ್ಲೂ ನಡೆಯುತ್ತವೆ. ಪ್ಯಾನೆಲ್ಲಿನ ನೆತ್ತಿಯಲ್ಲಿರುವ ಮೇನ್ ಬ್ರೇಕರಿನ ಮೇಲೆ ಬರೆದಿರುವ ಆಂಪಿಯರ್ ಸಂಖ್ಯೆಯೇ ಇಡೀ ಮನೆಯ ಮಿತಿ. 1950ರ ದಶಕದವರೆಗೆ ಕಟ್ಟಿದ ಎಷ್ಟೋ ಮನೆಗಳಿಗೆ 60 ಆಂಪಿಯರಿನ ಫ್ಯೂಸ್ ಪೆಟ್ಟಿಗೆಗಳಿದ್ದವು. ಇಂದಿನ ನಿಯಮದಂತೆ ಒಂದು ಕುಟುಂಬದ ಮನೆಗೆ 100 ಆಂಪಿಯರಿಗಿಂತ ಕಡಿಮೆ ಇರುವಂತಿಲ್ಲ. ಹೊಸ ಮನೆಗಳಿಗೆ 200 ಆಂಪಿಯರ್ ವಾಡಿಕೆಯಾಗಿದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುವುದರಿಂದ, 4.5 ಕಿಲೋವ್ಯಾಟಿನ ತೊಟ್ಟಿ ಹೀಟರು 240 ವೋಲ್ಟಿನಲ್ಲಿ 19 ಆಂಪಿಯರಿಗಿಂತ ಕೊಂಚ ಕಡಿಮೆ ಸೆಳೆಯುತ್ತದೆ. ತೊಟ್ಟಿಯಿಲ್ಲದ ಹೀಟರುಗಳಲ್ಲಿ 18 ಕಿಲೋವ್ಯಾಟಿನದು 75 ಆಂಪಿಯರ್, 27 ಕಿಲೋವ್ಯಾಟಿನದು ಹೆಚ್ಚುಕಡಿಮೆ 113 ಆಂಪಿಯರ್, 36 ಕಿಲೋವ್ಯಾಟಿನದು 150 ಆಂಪಿಯರ್. ನೂರು ಆಂಪಿಯರಿನ ಮನೆಯಲ್ಲಿ ನಡುವಣ ಗಾತ್ರದ ಹೀಟರೊಂದನ್ನು ಪೂರ್ಣ ಶಕ್ತಿಯಲ್ಲಿ ಓಡಿಸಬೇಕಾದರೆ ಮನೆಯ ದೀಪಗಳನ್ನೆಲ್ಲ ಆರಿಸಿದರೂ ಸಾಲದು.

ಹೀಟರು ಕೊಳ್ಳಹೊರಟವರು ಪ್ಯಾನೆಲ್ಲಿನ ಬಾಗಿಲು ತೆರೆದು, ಖಾಲಿಯಿರುವ ಜಾಗಗಳನ್ನು ಕಂಡು, ಇನ್ನೂ ಎಷ್ಟೋ ಬ್ರೇಕರುಗಳಿಗೆ ಎಡೆಯಿದೆಯೆಂದು ಸಮಾಧಾನಪಟ್ಟುಕೊಳ್ಳುವುದು ಬಲು ಸಾಮಾನ್ಯವಾದ ತಪ್ಪು. ಖಾಲಿ ಜಾಗ ಬೇರೆ, ಸಾಮರ್ಥ್ಯ ಬೇರೆ. 27 ಕಿಲೋವ್ಯಾಟಿನ ಹೀಟರಿನೊಳಗೆ 9 ಕಿಲೋವ್ಯಾಟಿನ ಮೂರು ಕಾಯಿಲ್‌ಗಳಿದ್ದು, ಒಂದೊಂದಕ್ಕೂ 40 ಆಂಪಿಯರಿನ ಜೋಡಿ ಬ್ರೇಕರನ್ನೂ ಪ್ಯಾನೆಲ್ಲಿನಿಂದ ನೇರವಾಗಿ ಎಳೆದ ಪ್ರತ್ಯೇಕ ದಪ್ಪ ತಾಮ್ರದ ತಂತಿಯನ್ನೂ ಕೊಡಬೇಕು. ಎಂದರೆ ಆರು ಜಾಗಗಳು ಅದೊಂದಕ್ಕೇ ಮೀಸಲು. ಈ ಜಾಗ ಸಿಕ್ಕಿತೆಂದೇ ಇಟ್ಟುಕೊಂಡರೂ ಮೇನ್ ಬ್ರೇಕರಿನ ಮಿತಿ ಒಂದಿಷ್ಟೂ ಹೆಚ್ಚುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಎಲ್ಲ ಬ್ರೇಕರುಗಳ ಮೇಲಿನ ಅಂಕಿಗಳನ್ನು ಕೂಡಿಸಿ, ಮೊತ್ತವು 200ನ್ನು ದಾಟಿದ್ದನ್ನು ಕಂಡು ಗಾಬರಿಯಾಗುವವರಿದ್ದಾರೆ. ಎಲ್ಲ ಉಪಕರಣಗಳೂ ಏಕಕಾಲಕ್ಕೆ ಪೂರ್ಣವಾಗಿ ಓಡುವುದಿಲ್ಲವಾದ್ದರಿಂದ ಆ ಮೊತ್ತವು ಮೇನ್ ಬ್ರೇಕರನ್ನು ಮೀರುವುದು ಸಹಜ ಮತ್ತು ನಿಯಮಬದ್ಧ. ಬೇಕಾದದ್ದು ಬ್ರೇಕರುಗಳ ಎಣಿಕೆಯಲ್ಲ, ಲೋಡಿನ ಲೆಕ್ಕ.

ಆ ಲೆಕ್ಕದ ಕ್ರಮವನ್ನು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ವಿಧಿಸುತ್ತದೆ. 1897ರಲ್ಲಿ ಮೊದಲು ಪ್ರಕಟವಾದ, ಈಗ ಅಲ್ಲಿನ ಅಗ್ನಿರಕ್ಷಣಾ ಸಂಘವು ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಈ ಸಂಹಿತೆಯಲ್ಲಿ ಮನೆಗಳಿಗೆಂದೇ ಒಂದು ಸುಲಭ ವಿಧಾನವಿದೆ. ಎರಡು ಸಾವಿರ ಚದರಡಿಯ, ಎಲ್ಲವೂ ವಿದ್ಯುತ್ತಿನಲ್ಲೇ ನಡೆಯುವ ಮನೆಯೊಂದನ್ನು ಊಹಿಸಿಕೊಂಡರೆ ಅದು ಅರ್ಥವಾಗುತ್ತದೆ. ಚದರಡಿಗೆ 3 ವ್ಯಾಟಿನಂತೆ ದೀಪ ಮತ್ತು ಸಾಮಾನ್ಯ ಪ್ಲಗ್ಗುಗಳಿಗೆ 6,000. ಅಡುಗೆಮನೆಯ ಮಿಕ್ಸರ್, ಟೋಸ್ಟರಿನಂಥವುಗಳ ಎರಡು ಸರ್ಕ್ಯೂಟಿಗೆ 3,000. ಬಟ್ಟೆ ಒಗೆಯುವ ಸ್ಥಳಕ್ಕೆ 1,500. ವಿದ್ಯುತ್ ಒಲೆಗೆ 12,000. ಬಟ್ಟೆ ಒಣಗಿಸುವ ಯಂತ್ರಕ್ಕೆ 5,000. ಪಾತ್ರೆ ತೊಳೆಯುವ ಯಂತ್ರಕ್ಕೆ 1,200. ತೊಟ್ಟಿಯ ಹೀಟರಿಗೆ 4,500. ಒಟ್ಟು 33,200 ವ್ಯಾಟ್. ಇದರಲ್ಲಿ ಮೊದಲ 10,000ವನ್ನು ಪೂರ್ತಿಯಾಗಿಯೂ, ಮಿಕ್ಕದ್ದನ್ನು ನೂರಕ್ಕೆ 40ರಂತೆಯೂ ಹಿಡಿದರೆ 19,280 ಆಗುತ್ತದೆ. ಹವಾನಿಯಂತ್ರಣ ಯಂತ್ರದ 4,000ಕ್ಕೆ ಯಾವ ರಿಯಾಯಿತಿಯೂ ಇಲ್ಲ. ಅದನ್ನು ಸೇರಿಸಿ, 240ರಿಂದ ಭಾಗಿಸಿದರೆ ಬರುವುದು 97 ಆಂಪಿಯರ್. ನೂರು ಆಂಪಿಯರಿನ ಪ್ಯಾನೆಲ್ಲಿಗೆ ಈ ಮನೆ ಕೂದಲೆಳೆಯಲ್ಲಿ ಒಗ್ಗಿಕೊಳ್ಳುತ್ತದೆ. ಈಗ ತೊಟ್ಟಿಯನ್ನು ತೆಗೆದು 27 ಕಿಲೋವ್ಯಾಟಿನ ತೊಟ್ಟಿಯಿಲ್ಲದ ಹೀಟರನ್ನು ಕೂರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ಉತ್ತರ ಸುಮಾರು 135 ಆಂಪಿಯರ್. 36 ಕಿಲೋವ್ಯಾಟಿನದಾದರೆ ಹತ್ತಿರ ಹತ್ತಿರ 150. ನೂರರ ಪ್ಯಾನೆಲ್ಲು ಎರಡರಲ್ಲಿಯೂ ಸೋಲುತ್ತದೆ, 200ರದ್ದು ಎರಡರಲ್ಲಿಯೂ ಗೆಲ್ಲುತ್ತದೆ.

ಗೆದ್ದಿತೆಂದು ಮಾತನ್ನು ಅಲ್ಲಿಗೇ ಮುಗಿಸುವವರು ಬಹಳ ಮಂದಿ. ಆದರೆ ಈ ಗೆಲುವಿನೊಳಗೆ ಒಂದು ತೊಡಕಿದೆ. ನೂರಕ್ಕೆ 40ರ ರಿಯಾಯಿತಿಯು ಸಂಭವನೀಯತೆಯ ಲೆಕ್ಕ: ಒಲೆ, ಡ್ರೈಯರ್, ಹೀಟರ್ ಎಲ್ಲವೂ ಒಂದೇ ಗಳಿಗೆಯಲ್ಲಿ ಉರಿಯುವುದು ಅಪರೂಪವೆಂಬ ಅನುಭವದ ಮೇಲೆ ಅದು ನಿಂತಿದೆ. ಮಧ್ಯಮ ಗಾತ್ರದ ಹಲವು ಉಪಕರಣಗಳಿರುವ ಮನೆಯಲ್ಲಿ ಆ ಅನುಭವ ಸರಿ. ಒಂದೇ ಉಪಕರಣ ಉಳಿದ ಎಲ್ಲವನ್ನೂ ಮೀರಿಸುವಷ್ಟು ದೊಡ್ಡದಾದಾಗ ಸರಾಸರಿಯ ನಂಬಿಕೆ ಸಡಿಲವಾಗುತ್ತದೆ. ಕಾಗದದ ಮೇಲೆ 27 ಕಿಲೋವ್ಯಾಟಿನ ಹೀಟರು 45 ಆಂಪಿಯರಿನ ಹೊರೆಯಾಗಿ ಕಂಡರೂ, ಚಳಿಗಾಲದ ಬೆಳಗ್ಗೆ ಎರಡು ಬಚ್ಚಲುಗಳಲ್ಲಿ ನಲ್ಲಿ ತಿರುಗಿಸಿದಾಗ ಅದು ಸೆಳೆಯುವುದು 113ನ್ನೇ. ಅದೇ ಬೆಳಗ್ಗೆ ಮನೆ ಬೆಚ್ಚಗಾಗಿಸುವ ಹೀಟ್ ಪಂಪಿಗೆ ನೆರವಾಗಿ 15 ಕಿಲೋವ್ಯಾಟಿನ ವಿದ್ಯುತ್ ಕಾಯಿಲ್ ಉರಿಯುತ್ತಿದ್ದರೆ ಇನ್ನೂ 62 ಆಂಪಿಯರ್. ಗ್ಯಾರೇಜಿನಲ್ಲಿ ವಿದ್ಯುತ್ ಕಾರು 48 ಆಂಪಿಯರಿನಲ್ಲಿ ಚಾರ್ಜಾಗುತ್ತಿದ್ದರೆ ಅದೂ ಸೇರಿ ಮೊತ್ತ 220ನ್ನು ದಾಟುತ್ತದೆ. ಬ್ರೇಕರು ಇಂಥ ಸ್ವಲ್ಪ ಮೀರಿದ ಹೊರೆಯನ್ನು ಕಂಡೊಡನೆ ಬೀಳುವುದಿಲ್ಲ. ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಲು ಕೆಲವು ನಿಮಿಷಗಳೇ ಬೇಕಾಗಬಹುದು. ಮನೆಯವರು ಬಹುಕಾಲ ಏನೂ ಆಗಲಿಲ್ಲವೆಂದುಕೊಂಡಿರುವಾಗ, ತಂತಿಯ ಜೋಡಣೆಗಳು ದಿನವೂ ಬಿಸಿಯಾಗಿ ತಣಿದು ಸಡಿಲಗೊಳ್ಳುತ್ತಿರುತ್ತವೆ, ಸಡಿಲವಾದ ಜೋಡಣೆ ಇನ್ನಷ್ಟು ಬಿಸಿಯಾಗುತ್ತದೆ. ಕರೆಂಟು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮವನ್ನು ಇಲ್ಲಿ ನೆನೆಯಬೇಕು.

ಆಗಲೇ ಇರುವ ಮನೆಗಳಿಗೆ ಸಂಹಿತೆಯು ಇನ್ನೊಂದು ದಾರಿಯನ್ನೂ ಕೊಟ್ಟಿದೆ: ಹಿಂದಿನ ಒಂದು ವರ್ಷದ ಮೀಟರ್ ದಾಖಲೆಯಿಂದ ಅತಿ ಹೆಚ್ಚು ಬೇಡಿಕೆಯ ಗಳಿಗೆಯನ್ನು ಹುಡುಕಿ, ಅದನ್ನು ಒಂದೂಕಾಲು ಪಟ್ಟು ಮಾಡಿ, ಅದರ ಮೇಲೆ ಹೊಸ ಹೀಟರಿನ ಪೂರ್ಣ ಹೊರೆಯನ್ನು ಯಾವ ರಿಯಾಯಿತಿಯೂ ಇಲ್ಲದೆ ಸೇರಿಸುವುದು. ತೊಟ್ಟಿಯಿಲ್ಲದ ಹೀಟರಿನ ವಿಷಯದಲ್ಲಿ ಈ ವಿಧಾನವೇ ವಾಸ್ತವಕ್ಕೆ ಹತ್ತಿರ, ಮತ್ತು ಸ್ಮಾರ್ಟ್ ಮೀಟರುಗಳು ಬಂದ ಮೇಲೆ ಆ ದಾಖಲೆ ಸಿಗುವುದೂ ಕಷ್ಟವಲ್ಲ.

ಲೆಕ್ಕ ಸೋತರೆ ಉಳಿಯುವುದು ಪ್ಯಾನೆಲ್ಲನ್ನು ದೊಡ್ಡದು ಮಾಡುವ ಕೆಲಸ. ಅದು ಪೆಟ್ಟಿಗೆಯನ್ನಷ್ಟೇ ಬದಲಿಸಿದರೆ ಮುಗಿಯುವಂಥದ್ದಲ್ಲ. ಬೀದಿಯಿಂದ ಬರುವ ತಂತಿ, ಮೀಟರಿನ ಗೂಡು, ಭೂಸಂಪರ್ಕ ಎಲ್ಲವೂ ಹೊಸ ಮಿತಿಗೆ ತಕ್ಕಂತಿರಬೇಕು; ನಗರಾಡಳಿತದ ಪರವಾನಗಿ, ತಪಾಸಣೆ, ವಿದ್ಯುತ್ ಕಂಪನಿಯ ಒಪ್ಪಿಗೆ ಬೇಕು; ತಂತಿ ನೆಲದಡಿಯಲ್ಲಿದ್ದರೆ ಅಂಗಳ ಅಗೆಯಬೇಕು. ಕೆಲವು ನೂರು ಡಾಲರಿನ ಹೀಟರಿಗಾಗಿ ಹಲವು ಸಾವಿರ ಡಾಲರಿನ ಕೆಲಸ ಬೆನ್ನಿಗೆ ಬೀಳುವುದು ಹೀಗೆ.

ಇಷ್ಟು ಮಾಡಿದರೂ ಮನೆಯ ಗೋಡೆಯಾಚೆಗೆ ಇನ್ನೊಂದು ಮಿತಿ ಕಾದಿರುತ್ತದೆ. ಕರ್ನಾಟಕದ ಊರುಗಳಲ್ಲಿ 100 ಅಥವಾ 250 ಕೆವಿಎ ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರು ಇಡೀ ಬೀದಿಗಳಿಗೆ ಮೂರು ಫೇಸ್ ವಿದ್ಯುತ್ತನ್ನು ಹಂಚಿದರೆ, ಅಮೆರಿಕದ ಬಡಾವಣೆಗಳಲ್ಲಿ ಕಂಬಕ್ಕೆ ನೇತುಹಾಕಿದ 25 ಅಥವಾ 50 ಕೆವಿಎಯ ಚಿಕ್ಕ ಟ್ರಾನ್ಸ್‌ಫಾರ್ಮರು ಅಕ್ಕಪಕ್ಕದ ಕೆಲವೇ ಮನೆಗಳನ್ನು ನೋಡಿಕೊಳ್ಳುತ್ತದೆ. 36 ಕಿಲೋವ್ಯಾಟಿನ ಹೀಟರೊಂದು ಒಬ್ಬಂಟಿಯಾಗಿಯೇ 25 ಕೆವಿಎಯ ಟ್ರಾನ್ಸ್‌ಫಾರ್ಮರಿನ ಮಿತಿಯನ್ನು ಮೀರುತ್ತದೆ. ಕೆಲವು ನಿಮಿಷಗಳ ಮಿತಿಮೀರಿದ ಹೊರೆಯನ್ನು ಟ್ರಾನ್ಸ್‌ಫಾರ್ಮರು ತಾಳಿಕೊಳ್ಳಬಲ್ಲದಾದರೂ ವೋಲ್ಟೇಜು ಕುಸಿಯುವುದನ್ನು ತಡೆಯಲಾರದು. ಹೀಟರು ತನ್ನ ಕಾಯಿಲ್‌ಗಳನ್ನು ಕ್ಷಣಕ್ಷಣಕ್ಕೂ ಕೂಡಿಸಿ ಬಿಡಿಸಿ ಉಷ್ಣತೆಯನ್ನು ಹದದಲ್ಲಿಡುವಾಗ ಮನೆಯ, ಕೆಲವೊಮ್ಮೆ ನೆರೆಮನೆಯ ದೀಪಗಳೂ ಮಿನುಗುವ ದೂರು ಹುಟ್ಟುವುದು ಇದರಿಂದ. ಅರಿಜೋನದಂಥ ಕೆಲವೆಡೆ ಮನೆಬಳಕೆಯ ಕೆಲವು ದರ ಯೋಜನೆಗಳು ತಿಂಗಳಲ್ಲಿ ಅತಿ ಹೆಚ್ಚು ಕಿಲೋವ್ಯಾಟ್ ಸೆಳೆದ ಅವಧಿಗೆ ಪ್ರತ್ಯೇಕ ಶುಲ್ಕ ಹಾಕುತ್ತವೆ. ಅಂಥ ಯೋಜನೆಯಲ್ಲಿರುವವರಿಗೆ ತೊಟ್ಟಿಯಿಲ್ಲದ ಹೀಟರು ಉಳಿತಾಯದ ಬದಲು ಖರ್ಚನ್ನು ತರುವುದೇ ಹೆಚ್ಚು.

ಇದೇ ಯಂತ್ರ ಜರ್ಮನಿಯಲ್ಲಿ ದಶಕಗಳಿಂದ ಸಾಮಾನ್ಯ ಗೃಹೋಪಯೋಗಿ ವಸ್ತುವಾಗಿರುವುದು ಗಮನಾರ್ಹ. ಅಲ್ಲಿನ ಮನೆಗಳಿಗೆ 400 ವೋಲ್ಟಿನ ಮೂರು ಫೇಸ್ ವಿದ್ಯುತ್ತು ಬರುವುದರಿಂದ 21 ಕಿಲೋವ್ಯಾಟಿನ ಹೀಟರು ಪ್ರತಿ ಫೇಸಿನಿಂದ ಸುಮಾರು 30 ಆಂಪಿಯರನ್ನಷ್ಟೇ ಸೆಳೆಯುತ್ತದೆ. ಹೊರೆ ಮೂರು ತಂತಿಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಹಾಗಿದ್ದೂ 12 ಕಿಲೋವ್ಯಾಟಿಗೆ ಮೀರಿದ ಇಂಥ ಹೀಟರನ್ನು ಜೋಡಿಸಲು ಅಲ್ಲಿ ವಿದ್ಯುತ್ ಜಾಲದ ನಿರ್ವಾಹಕರ ಒಪ್ಪಿಗೆ ಪಡೆಯಬೇಕು. ಬ್ರಿಟನ್ನಿನಲ್ಲಿ ಒಂದೇ ಫೇಸಿರುವುದರಿಂದ ಅಲ್ಲಿನ ವಿದ್ಯುತ್ ಷವರುಗಳು 8.5ರಿಂದ 10.5 ಕಿಲೋವ್ಯಾಟಿಗೆ ನಿಂತುಬಿಟ್ಟಿವೆ, ಚಳಿಗಾಲದಲ್ಲಿ ಅವುಗಳಿಂದ ನೀರು ಸಣ್ಣ ಧಾರೆಯಾಗಿ ಬರುವುದನ್ನು ಜನ ಒಪ್ಪಿಕೊಂಡಿದ್ದಾರೆ. ಬ್ರೆಜಿಲಿನಲ್ಲಿ ಷವರಿನ ತಲೆಯೊಳಗೇ 5.5 ಕಿಲೋವ್ಯಾಟಿನ ಕಾಯಿಲ್ ಇಡುತ್ತಾರೆ. ನೀರು ಮೊದಲೇ ಬೆಚ್ಚಗಿರುವುದರಿಂದ ಅಷ್ಟೇ ಧಾರಾಳ. ಅಮೆರಿಕದವರು ಒಂದೇ ಫೇಸನ್ನು ಇಟ್ಟುಕೊಂಡು, ಧಾರಾಳವಾದ ಷವರನ್ನೂ ಬಿಡದೆ, ಹಿಮದಷ್ಟು ತಣ್ಣನೆಯ ನೀರನ್ನು ಇಡೀ ಮನೆಗೆ ಒಂದೇ ಯಂತ್ರದಿಂದ ಕಾಯಿಸಹೊರಟಿರುವುದೇ ಇಕ್ಕಟ್ಟಿನ ಮೂಲ.

ಕರ್ನಾಟಕದ ಮನೆಗಳಲ್ಲಿ ‘ಇನ್‌ಸ್ಟಂಟ್ ಗೀಸರ್’ ಎಂಬ ಹೆಸರಿನಲ್ಲಿ ಸಿಗುವ 3 ಕಿಲೋವ್ಯಾಟಿನ ಪುಟ್ಟ ಹೀಟರೂ ಇದೇ ಕುಲದ್ದು. 230 ವೋಲ್ಟಿನಲ್ಲಿ ಅದು ಸೆಳೆಯುವುದು 13 ಆಂಪಿಯರ್. 16 ಆಂಪಿಯರಿನ ಒಂದು ಪ್ಲಗ್ ಪಾಯಿಂಟು ಅದಕ್ಕೆ ಸಾಕು. ಮೇಲಿನ ಸೂತ್ರದಂತೆ ಅದು 22 ಡಿಗ್ರಿಯ ನೀರನ್ನು 42 ಡಿಗ್ರಿಗೆ ಏರಿಸಿ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಕೊಡಬಲ್ಲದು, ಎಂದರೆ ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಒಂಬತ್ತು ಹತ್ತು ನಿಮಿಷ. ಬಕೆಟ್ಟಿನಿಂದ ಚೊಂಬಿನಲ್ಲಿ ಹೊಯ್ದುಕೊಂಡು ಸ್ನಾನ ಮಾಡುವ ಪದ್ಧತಿ ಇರುವಲ್ಲಿ ಬಕೆಟ್ಟೇ ಸಣ್ಣ ತೊಟ್ಟಿಯ ಕೆಲಸ ಮಾಡುತ್ತದೆಯಾದ್ದರಿಂದ ಇಷ್ಟು ಚಿಕ್ಕ ಹೀಟರು ಸಾಲುತ್ತದೆ. ಮಳೆಯಂತೆ ಸುರಿಯುವ ದೊಡ್ಡ ಷವರನ್ನು ಅದಕ್ಕೆ ಜೋಡಿಸಿದವರು ನಿರಾಶರಾಗುವುದು ಖಂಡಿತ. ಎರಡು ಬಚ್ಚಲುಗಳಲ್ಲಿ ಎರಡು ಗೀಸರು ಏಕಕಾಲಕ್ಕೆ ಓಡಿದರೆ 6 ಕಿಲೋವ್ಯಾಟಾಗುತ್ತದೆಯೆಂಬುದನ್ನೂ, ಮನೆಗೆ ಮಂಜೂರಾದ ಲೋಡು 3 ಕಿಲೋವ್ಯಾಟಷ್ಟೇ ಇದ್ದರೆ ಅದು ಮಿತಿಯ ಇಮ್ಮಡಿಯೆಂಬುದನ್ನೂ ಇಲ್ಲಿಯವರು ಗಮನಿಸುವುದು ಕಡಿಮೆ. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರುಗಳಾದರೋ ಬಿಸಿಲಿನ ಶಾಖವನ್ನು ತೊಟ್ಟಿಯಲ್ಲಿ ಕೂಡಿಟ್ಟು ಬೆಳಗ್ಗೆ ಕೊಡುವ, ಪ್ಯಾನೆಲ್ಲಿನ ಗೊಡವೆಯೇ ಇಲ್ಲದ ವ್ಯವಸ್ಥೆ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಈಗ ತೂಕ ಬಂದಿರುವುದಕ್ಕೆ ಅನಿಲದ ಬಳಕೆಯನ್ನು ತಗ್ಗಿಸುವ ನೀತಿಯೂ ಒಂದು ಕಾರಣ. ಅಲ್ಲಿ ತೊಟ್ಟಿಯಿಲ್ಲದ ಹೀಟರುಗಳು ಹೆಸರು ಮಾಡಿದ್ದು ನೈಸರ್ಗಿಕ ಅನಿಲದಿಂದ. ದೊಡ್ಡ ಅನಿಲ ಮಾದರಿಯೊಂದು ಗಂಟೆಗೆ 1,99,000 ಬಿಟಿಯು ಶಾಖವನ್ನು, ಎಂದರೆ 58 ಕಿಲೋವ್ಯಾಟಿನಷ್ಟನ್ನು ಉರಿಸುತ್ತದೆ. ಅದನ್ನು ಬಳಸಿ ರೂಢಿಯಾದವರು ಅದರ ವಿದ್ಯುತ್ ರೂಪವೂ ಅಷ್ಟೇ ಕೆಲಸ ಮಾಡಲೆಂದು ಬಯಸುತ್ತಾರೆ. ಕ್ಯಾಲಿಫೋರ್ನಿಯದ ಬರ್ಕ್ಲಿ ನಗರವು 2019ರಲ್ಲಿ ಹೊಸ ಕಟ್ಟಡಗಳಿಗೆ ಅನಿಲದ ಕೊಳವೆಯನ್ನು ನಿಷೇಧಿಸಿ ದೇಶದಲ್ಲೇ ಮೊದಲಿನದೆನಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತಾದರೂ, ಮನೆಗಳನ್ನು ವಿದ್ಯುತ್ತಿಗೆ ತಿರುಗಿಸುವ ಒಲವು ನಿಲ್ಲಲಿಲ್ಲ. 2022ರ ಹಣದುಬ್ಬರ ಇಳಿಕೆ ಕಾಯ್ದೆಯು ಆದಾಯದ ಮಿತಿಗೊಳಪಟ್ಟ ಕುಟುಂಬಗಳಿಗೆ ಪ್ಯಾನೆಲ್ ಬದಲಾವಣೆಗೆಂದೇ 4,000 ಡಾಲರಿನವರೆಗೆ ರಿಯಾಯಿತಿಯನ್ನು ರಾಜ್ಯಗಳ ಮೂಲಕ ಕೊಡಲು ಅವಕಾಶ ಮಾಡಿತು. ಮನೆಯ ಪ್ಯಾನೆಲ್ಲೇ ಇಂಧನ ನೀತಿಯ ಇರುಕು ದಾರಿಯಾಗಿದೆಯೆಂಬುದನ್ನು ಶಾಸನಸಭೆಯೂ ಗುರುತಿಸಿತೆಂದು ಇದರಿಂದ ತಿಳಿಯಬಹುದು.

ಆದರೆ ಆ ಕಾಯ್ದೆಯ ಒಲವು ಕೂಡ ತೊಟ್ಟಿಯಿಲ್ಲದ ಹೀಟರಿನ ಕಡೆಗಿರಲಿಲ್ಲ, ಹೀಟ್ ಪಂಪ್ ಹೀಟರಿನ ಕಡೆಗಿತ್ತು. ಇದು ಫ್ರಿಜ್ಜಿನ ತತ್ತ್ವವನ್ನು ತಿರುಗುಮುರುಗು ಮಾಡಿದ ಯಂತ್ರ. ಸುತ್ತಲಿನ ಗಾಳಿಯ ಶಾಖವನ್ನು ಹೀರಿ ತೊಟ್ಟಿಯ ನೀರಿಗೆ ಸೇರಿಸುತ್ತದೆ, ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಅದರ ಕಂಪ್ರೆಸರಿಗೆ ಅರ್ಧ ಕಿಲೋವ್ಯಾಟಿನ ಆಸುಪಾಸು ಸಾಕಾದ್ದರಿಂದ, 120 ವೋಲ್ಟಿನ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಬಹುದಾದ ಮಾದರಿಗಳೂ ಬಂದಿವೆ. ನೀರು ನಿಧಾನವಾಗಿ ಕಾಯುವುದು, ಸದ್ದು, ಇಟ್ಟ ಕೋಣೆ ತಣ್ಣಗಾಗುವುದು, ಅದಕ್ಕೆ ಸಾಕಷ್ಟು ಗಾಳಿಯಿರುವ ಜಾಗ ಬೇಕಾಗುವುದು ಇದರ ಕೊರತೆಗಳು. ಚಿಕ್ಕ ಅಪಾರ್ಟ್‌ಮೆಂಟುಗಳಿಗೆ ಇದು ಹೊಂದುವುದಿಲ್ಲ. ಆದರೂ 100 ಆಂಪಿಯರಿನ ಹಳೆಯ ಮನೆಯನ್ನು ಪ್ಯಾನೆಲ್ ಮುಟ್ಟದೆ ವಿದ್ಯುತ್ತಿಗೆ ತಿರುಗಿಸಬಲ್ಲ ನೀರಿನ ಹೀಟರು ಇದರಷ್ಟು ಸಲೀಸಾದದ್ದು ಮತ್ತೊಂದಿಲ್ಲ.

ತೊಟ್ಟಿಯಿಲ್ಲದ ಹೀಟರಿಗೆ ತಕ್ಕ ಸ್ಥಳಗಳೂ ಇವೆ, ಅವನ್ನು ಮರೆಯುವುದು ನ್ಯಾಯವಲ್ಲ. ದೂರದ ಕೈತೊಳೆಯುವ ಬೇಸಿನ್ನಿಗೆ, ನಿಮಿಷಕ್ಕೆ ಎರಡು ಲೀಟರಿಗೂ ಕಡಿಮೆ ಹರಿಯುವ ನಲ್ಲಿಗೆ, ಅಲ್ಲಿಯೇ ಕೂರಿಸಿದ ಮೂರು ಮೂರೂವರೆ ಕಿಲೋವ್ಯಾಟಿನ ಹೀಟರು ಉತ್ತಮ ಪರಿಹಾರ. ಫ್ಲಾರಿಡ, ದಕ್ಷಿಣ ಟೆಕ್ಸಾಸಿನಂಥಲ್ಲಿ ಚಿಕ್ಕ ಕುಟುಂಬಕ್ಕೆ 18 ಕಿಲೋವ್ಯಾಟಿನದು 200 ಆಂಪಿಯರಿನ ಪ್ಯಾನೆಲ್ಲಿನಲ್ಲಿ ಸುಖವಾಗಿ ನಡೆಯುತ್ತದೆ. ನೀರಿನ ಹರಿವನ್ನು ತಗ್ಗಿಸುವುದೂ ಒಂದು ದಾರಿ: ಕ್ಯಾಲಿಫೋರ್ನಿಯದಲ್ಲಿ 2018ರಿಂದ ಮಾರುವ ಷವರುಗಳ ಮಿತಿ ನಿಮಿಷಕ್ಕೆ 1.8 ಗ್ಯಾಲನ್, ಅಂದರೆ 6.8 ಲೀಟರಾಗಿದ್ದು, ಅಷ್ಟರಿಂದಲೇ ಮಿನೆಸೋಟದ 23 ಕಿಲೋವ್ಯಾಟಿನ ಬೇಡಿಕೆ 17ರ ಒಳಗೆ ಬರುತ್ತದೆ. ಸ್ನಾನದ ಕೊಳೆನೀರು ಹರಿದುಹೋಗುವ ಕೊಳವೆಗೆ ತಾಮ್ರದ ಸುರುಳಿ ಸುತ್ತಿ, ಒಳಬರುವ ತಣ್ಣೀರನ್ನು ಅದರ ಶಾಖದಿಂದಲೇ ಬೆಚ್ಚಗಾಗಿಸುವ ಸರಳ ಸಾಧನವು ಈ ಬೇಡಿಕೆಯನ್ನು ಇನ್ನಷ್ಟು ಇಳಿಸಬಲ್ಲದು. ಅದು ಇಷ್ಟು ಕಡಿಮೆ ಪ್ರಚಾರದಲ್ಲಿರುವುದು ಆಶ್ಚರ್ಯದ ಸಂಗತಿ. ಹೀಟರು ಓಡುವಷ್ಟು ಹೊತ್ತು ಕಾರಿನ ಚಾರ್ಜರನ್ನು ತಾನಾಗಿ ನಿಲ್ಲಿಸುವ ಲೋಡ್ ನಿಯಂತ್ರಕಗಳನ್ನೂ ಸಂಹಿತೆ ಈಗ ಒಪ್ಪುತ್ತದೆ.

ಅಮೆರಿಕದಲ್ಲಿ ಮನೆ ಕೊಂಡಿರುವ, ಕೊಳ್ಳಲಿರುವ ಕನ್ನಡಿಗರು ಇಂಥ ಹೀಟರಿನ ಜಾಹೀರಾತನ್ನು ಕಂಡಾಗ ಮಾಡಬೇಕಾದ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಮೇನ್ ಬ್ರೇಕರಿನ ಮೇಲಿನ ಅಂಕಿಯನ್ನು ಓದಿಕೊಂಡು, ಚಳಿಗಾಲದಲ್ಲಿ ನಲ್ಲಿಯ ತಣ್ಣೀರಿನ ಉಷ್ಣತೆಯನ್ನು ಅಳೆದು, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಲೋಡಿನ ಲೆಕ್ಕವನ್ನು ಬರಹದಲ್ಲಿ ಪಡೆಯಬೇಕು. ಆ ಲೆಕ್ಕದಲ್ಲಿ ಮುಂದೆ ಬರಬಹುದಾದ ವಿದ್ಯುತ್ ಕಾರನ್ನೂ ಸೇರಿಸುವಂತೆ ಕೇಳಬೇಕು. ವಿದ್ಯುತ್ ಕಂಪನಿಗೆ ಕರೆ ಮಾಡಿ ಬೀದಿಯ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನು ವಿಚಾರಿಸಬೇಕು. ಉತ್ತರದ ಚಳಿ ನಾಡಿನಲ್ಲಿ 100 ಆಂಪಿಯರಿನ ಪ್ಯಾನೆಲ್ಲಿರುವ ಮನೆಗೆ ಇಡೀ ಮನೆಯ ತೊಟ್ಟಿಯಿಲ್ಲದ ವಿದ್ಯುತ್ ಹೀಟರು ತಕ್ಕುದಲ್ಲ. ಅಲ್ಲಿ ತೊಟ್ಟಿಯೇ ಇರಲಿ.